ಸೀಡಿ ಓದದಿದ್ದರೆ ದೋಷ ಎಲ್ಲಿದೆ?

ಈ ತಿಂಗಳು ಕೈಸೇರಿದ ಪತ್ರಗಳಲ್ಲಿ ನಾಲ್ಕು ಒಂದೇ ಸಂಗತಿಯನ್ನು ಕುರಿತವು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲೂಕುಗಳ ಈ ವಾಚಕರು ಹಳೆಯ ಗಣಕಯಂತ್ರಕ್ಕೆ ಹೊಸದಾಗಿ ಆಪರೇಟಿಂಗ್ ಸಿಸ್ಟಮ್ ಹಾಕಲು ಹೊರಟವರು. ಸೀಡಿಯನ್ನೋ ಡಿವಿಡಿಯನ್ನೋ ಒಳಗಿಟ್ಟಿದ್ದಾರೆ. ಮೊದಲ ಪಟ್ಟಿ ತೆರೆಯ ಮೇಲೆ ಮೂಡಿದೆ. ಕೆಲಸ ಒಂದಷ್ಟು ದೂರ ಸಾಗಿ, ಓದಲಾಗುತ್ತಿಲ್ಲವೆಂಬ ಅರ್ಥದ ಇಂಗ್ಲಿಷ್ ಸಾಲೊಂದು ಕಾಣಿಸಿಕೊಂಡು ನಿಂತುಬಿಟ್ಟಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಅನೇಕರು ಹಳೆಯ ಯಂತ್ರಗಳಿಗೆ ಲಿನಕ್ಸ್ ಹಾಕಿ ನೋಡುತ್ತಿದ್ದಾರೆ. ಅಟ್ಟದ ಮೇಲಿದ್ದ ಪೆಟ್ಟಿಗೆಗಳೂ ಕೆಳಗಿಳಿದಿವೆ. ಆದುದರಿಂದ ಇದು ನಾಲ್ಕು ಮನೆಗಳ ಮಾತಷ್ಟೇ ಆಗಿರಲಾರದೆಂದು ಭಾವಿಸಿ ಈ ಸಂಚಿಕೆಯ ಪುಟವನ್ನು ಇದಕ್ಕೇ ಮೀಸಲಿಟ್ಟಿದ್ದೇನೆ.

ಜಗಳೂರು ಕಡೆಯ ಪತ್ರವನ್ನು ಮೊದಲು ಎತ್ತಿಕೊಳ್ಳಬೇಕು, ಅದರಲ್ಲಿ ಅವಸರವಿದೆ. ಅದು ಮೆಕ್ಕೆಜೋಳದ ವ್ಯಾಪಾರದ ಕುಟುಂಬ. ರೈತರಿಗೆ ಕೊಟ್ಟ ಮುಂಗಡ, ಬರಬೇಕಾದ ಬಾಕಿ, ಹಲವು ವರ್ಷಗಳ ಖಾತೆ ಎಲ್ಲವೂ ವಿಂಡೋಸ್ ಎಕ್ಸ್‌ಪಿ ಇದ್ದ ಒಂದೇ ಯಂತ್ರದಲ್ಲಿ. ಅವರ ಲೆಕ್ಕದ ತಂತ್ರಾಂಶ ಬೇರೆ ಕಡೆ ನಡೆಯದು. ಯಂತ್ರ ನಿಧಾನವಾಯಿತೆಂದು ಮಗ ಎಕ್ಸ್‌ಪಿಯನ್ನೇ ಮತ್ತೊಮ್ಮೆ ಹಾಕಲು ಕುಳಿತು, ಮೊದಲು ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದ್ದಾನೆ. ಆಮೇಲೆ ಕಡತಗಳು ನಕಲಾಗುವಾಗ ಸೀಡಿ ತಡವರಿಸಿದೆ. ಅಲ್ಲಿ ಎಕ್ಸ್‌ಪಿ ಮೂರು ದಾರಿ ತೋರಿಸುತ್ತದೆ: ಎಂಟರ್ ಒತ್ತಿದರೆ ಮತ್ತೊಂದು ಪ್ರಯತ್ನ, ಎಸ್ಕೇಪ್ ಒತ್ತಿದರೆ ಆ ಕಡತವನ್ನು ಬಿಟ್ಟು ಮುಂದಕ್ಕೆ, ಎಫ್3 ಒತ್ತಿದರೆ ನಿರ್ಗಮನ. ಹುಡುಗ ಎಸ್ಕೇಪ್ ಒತ್ತುತ್ತ ಹೋಗಿದ್ದಾನೆ. ಕೊನೆಗೆ ಹೊಸದೂ ನೆಲೆಗೊಳ್ಳಲಿಲ್ಲ, ಹಳೆಯದೂ ಕಾಣುತ್ತಿಲ್ಲ. ಈಗ ಬೇರೊಂದು ಸೀಡಿ ತಂದು ಮತ್ತೆ ಪ್ರಯತ್ನಿಸಬಹುದೇ ಎಂಬುದು ತಂದೆಯವರ ಪ್ರಶ್ನೆ.

ದಯವಿಟ್ಟು ಬೇಡ. ಯಂತ್ರವನ್ನು ಆರಿಸಿ, ಹಾಗೆಯೇ ಬಿಡಿ. ಎಕ್ಸ್‌ಪಿ ಫಾರ್ಮ್ಯಾಟ್ ಮಾಡಿದಾಗ ಅಳಿಯುವುದು ಮುಖ್ಯವಾಗಿ ವಿಷಯಸೂಚಿಕೆ. ಕಡತಗಳ ಒಡಲು ಅದರ ಮೇಲೆ ಬೇರೇನಾದರೂ ಬರೆಯುವವರೆಗೆ ಉಳಿದಿರುತ್ತದೆ. ಪ್ರತಿ ಹೊಸ ಪ್ರಯತ್ನವೂ ಆ ಒಡಲಿನ ಮೇಲೆ ಒಂದಷ್ಟು ಬರೆಯುತ್ತದೆ. ಹಾರ್ಡ್ ಡಿಸ್ಕನ್ನು ಕಳಚಿ ಬೇರೊಂದು ಯಂತ್ರಕ್ಕೆ ಜೋಡಿಸಿ, ಮೊದಲು ಅದರ ಸಂಪೂರ್ಣ ಪ್ರತಿಯೊಂದನ್ನು ಮತ್ತೊಂದು ಡಿಸ್ಕಿಗೆ ತೆಗೆಯಿಸಿ. ಆ ಪ್ರತಿಯ ಮೇಲೆ ಫೋಟೋರೆಕ್ ಎಂಬ ಉಚಿತ ತಂತ್ರಾಂಶವನ್ನು ನಡೆಸಬಹುದು. ಹೆಸರು ಹಾಗಿದ್ದರೂ ಅದು ಚಿತ್ರಗಳನ್ನಲ್ಲದೆ ನೂರಾರು ಬಗೆಯ ಕಡತಗಳನ್ನು ಗುರುತಿಸಿ ಹೊರತೆಗೆಯುತ್ತದೆ. ಕಡತಗಳ ಹೆಸರುಗಳು ಮಾತ್ರ ಉಳಿಯುವುದಿಲ್ಲ. ನಿಮ್ಮ ಲೆಕ್ಕದ ತಂತ್ರಾಂಶದ ಕಡತಗಳು ಅದಕ್ಕೆ ಪರಿಚಿತವಲ್ಲದಿದ್ದರೆ ಈ ವಿದ್ಯೆ ಬಲ್ಲವರ ಕೈಗೆ ಆ ಪ್ರತಿಯನ್ನು ಕೊಡಿ, ಮೂಲವನ್ನಲ್ಲ. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಿಂದ ಬೆಂಬಲವಿಲ್ಲ. ಮುಂದೆ ಅದನ್ನು ಲೆಕ್ಕಕ್ಕೆ ಬಳಸಿದರೂ ಅಂತರಜಾಲಕ್ಕೆ ಜೋಡಿಸಬಾರದು.

ಇಲ್ಲಿ ತಪ್ಪಿದ್ದು ಕೆಲಸದ ಅನುಕ್ರಮ. ಸೀಡಿ ಆದ್ಯಂತ ಓದಿಸಿಕೊಳ್ಳುತ್ತದೆಂದು ಖಾತ್ರಿಯಾದ ಮೇಲಷ್ಟೇ ಹಳೆಯದಕ್ಕೆ ಕೈಹಾಕಬೇಕು. ಖಾತ್ರಿ ಮಾಡಿಕೊಳ್ಳುವುದು ಕಷ್ಟವೇನಲ್ಲ. ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಸೀಡಿಯಲ್ಲಿರುವ ಎಲ್ಲವನ್ನೂ ಹಾರ್ಡ್ ಡಿಸ್ಕಿನ ಒಂದು ಫೋಲ್ಡರಿಗೆ ನಕಲಿಸಿ ನೋಡಿ. ಒಂದು ದೂರೂ ಇಲ್ಲದೆ ಮುಗಿದರೆ ಆ ಡ್ರೈವು ಆ ಸೀಡಿಯನ್ನು ಓದಬಲ್ಲದು. ಉಬುಂಟುವಿನ ಹಳೆಯ ಸೀಡಿಗಳಲ್ಲಿ ದೋಷ ಪರೀಕ್ಷಿಸುವ ಸಾಲೊಂದು ಮೊದಲ ಪಟ್ಟಿಯಲ್ಲೇ ಇರುತ್ತಿತ್ತು. 20.04ರಿಂದೀಚೆಗೆ ಆ ಪರೀಕ್ಷೆ ತಾನಾಗಿಯೇ ಆರಂಭವಾಗುತ್ತದೆ. ಕಂಟ್ರೋಲ್ ಮತ್ತು ಸಿ ಒತ್ತಿ ಅದನ್ನು ತಪ್ಪಿಸಬಹುದು, ಅವಸರದವರು ಒತ್ತುತ್ತಾರೆ.

ಮೊದಲ ಪಟ್ಟಿ ಸೊಗಸಾಗಿ ಬಂದು ನಡುವೆ ನಿಲ್ಲುವುದೇಕೆ ಎಂದು ಮೂವರು ಕೇಳಿದ್ದಾರೆ. ಸೀಡಿಯ ಬರವಣಿಗೆ ಹಾಡಿನ ಹಳೆಯ ಗ್ರಾಮಫೋನ್ ತಟ್ಟೆಯಂತೆ ಹೊರಗಿನಿಂದ ಒಳಗಲ್ಲ. ನಡುವಿನ ರಂಧ್ರದ ಬಳಿ ಆರಂಭವಾಗಿ ಸುರುಳಿ ಸುತ್ತುತ್ತ ಅಂಚಿನ ಕಡೆಗೆ ಸಾಗುತ್ತದೆ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ಇರುವ ಅಂತರ 1.6 ಮೈಕ್ರೋಮೀಟರ್, ಡಿವಿಡಿಯಲ್ಲಿ 0.74. ತುಂಬಿದ ಸೀಡಿಯ ಸುರುಳಿಯನ್ನು ಬಿಚ್ಚಿ ಹಾಸಿದರೆ ಐದು ಕಿಲೋಮೀಟರಿಗೂ ಉದ್ದ. ಒಳಸುತ್ತುಗಳು ಚೆನ್ನಾಗಿದ್ದರೆ ಪಟ್ಟಿ ಮೂಡುತ್ತದೆ. ಗೀರು ಬಿದ್ದ ಹೊರಸುತ್ತು ಬಂದಾಗ ಓದು ನಿಲ್ಲುತ್ತದೆ.

ಹಾಗೆಂದು ಪ್ರತಿಯೊಂದು ಗೀರೂ ಓದನ್ನು ನಿಲ್ಲಿಸುವುದಿಲ್ಲ. ರೀಡ್ ಮತ್ತು ಸಾಲಮನ್ ಎಂಬ ಇಬ್ಬರು ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ಒಂದು ವಿಧಾನವನ್ನು ಸೀಡಿಯಲ್ಲಿ ಅಳವಡಿಸಲಾಗಿದೆ. ಬರೆಯುವಾಗಲೇ ಹೆಚ್ಚುವರಿ ಸಂಖ್ಯೆಗಳನ್ನು ಸೇರಿಸಿ, ಮಾಹಿತಿಯನ್ನು ಸುರುಳಿಯ ಉದ್ದಕ್ಕೂ ಚದುರಿಸಿಟ್ಟಿರುವುದರಿಂದ, ಸುಮಾರು ಎರಡೂವರೆ ಮಿಲಿಮೀಟರ್ ಉದ್ದದ ಬರವಣಿಗೆ ಸತತವಾಗಿ ನಷ್ಟವಾದರೂ ಉಳಿದುದರಿಂದ ಅದನ್ನು ಲೆಕ್ಕಹಾಕಿ ತುಂಬಿಕೊಳ್ಳಬಹುದು. ಓಲೆಗರಿಯಲ್ಲಿ ಹುಳು ತಿಂದ ಅಕ್ಷರವನ್ನು ಪ್ರಾಸ, ಗಣಗಳ ಬಲದಿಂದ ಊಹಿಸಿ ತುಂಬುತ್ತೇವಲ್ಲ, ಅದೇ ಜಾತಿಯ ಕೆಲಸ. ಆದರೆ ಇಲ್ಲಿ ಊಹೆಯಿಲ್ಲ, ಗಣಿತ ಮಾತ್ರ. ಈ ಉಪಕಾರದಲ್ಲಿ ಒಂದು ಅಪಾಯವೂ ಅಡಗಿದೆ. ಮಿತಿ ದಾಟುವವರೆಗೆ ಸೀಡಿ ಸವೆಯುತ್ತಿರುವುದು ನಮಗೆ ತಿಳಿಯುವುದೇ ಇಲ್ಲ. ಡ್ರೈವು ಗಿರ್ರೆಂದು ವೇಗ ಪಡೆದು, ತಗ್ಗಿ, ಮತ್ತೆ ವೇಗ ಪಡೆಯುವ ಸದ್ದು ಕೇಳಿದರೆ ಅದು ಒಂದೇ ಜಾಗವನ್ನು ಮರಳಿ ಮರಳಿ ಓದಲು ಹೆಣಗುತ್ತಿದೆಯೆಂದು ತಿಳಿಯಿರಿ.

ಇನ್ನು ದೋಷ ಎಲ್ಲಿದೆ ಎಂಬ ಪ್ರಶ್ನೆ. ಪಾಠ ಕೆಟ್ಟಿದ್ದರೆ ಕೆಡಿಸಿದವನು ಓದುಗನೋ, ಪ್ರತಿಕಾರನೋ, ಮೂಲ ಪ್ರತಿಯೇ ಹಾಗಿತ್ತೋ ಎಂದು ಬಿಡಿಸಿ ನೋಡುವುದು ಗ್ರಂಥಸಂಪಾದನೆಯ ಮೊದಲ ಪಾಠ. ಇಲ್ಲಿಯೂ ಅದೇ ಕ್ರಮ. ಓದು ನಿಂತಾಗ ಎಷ್ಟನೆಯ ಶೇಕಡದಲ್ಲಿ, ಯಾವ ಕಡತದಲ್ಲಿ ನಿಂತಿತೆಂದು ಒಂದು ಚೀಟಿಯಲ್ಲಿ ಬರೆದಿಡಿ. ಎರಡನೆಯ ಸಲವೂ ಅಲ್ಲಿಯೇ ನಿಂತರೆ ದೋಷ ಸೀಡಿಯಲ್ಲಿ ಅಥವಾ ಅದರಲ್ಲಿ ಬರೆದ ಪ್ರತಿಯಲ್ಲಿದೆ. ಪ್ರತಿಸಲ ಬೇರೆ ಬೇರೆ ಕಡೆ ನಿಂತರೆ ಸಾಮಾನ್ಯವಾಗಿ ಸೀಡಿ ನಿರಪರಾಧಿ. ಡ್ರೈವಿನ ಮಸೂರ, ಅದರ ಕೇಬಲ್ ಅಥವಾ ಯಂತ್ರದ ರ‍್ಯಾಮ್ ಅನ್ನು ಸಂಶಯಿಸಬೇಕು.

ನ್ಯಾಮತಿಯ ನಿವೃತ್ತ ಉಪಾಧ್ಯಾಯರ ಸಮಸ್ಯೆ ಈ ಎರಡನೆಯ ಬಗೆಯದು. ಅಂಗಡಿಯವರ ಮೇಲೆ ಕೋಪಿಸಿಕೊಂಡು ಅವರು ಮೂರು ಡಿವಿಡಿ ಬದಲಾಯಿಸಿದ್ದಾರೆ. ಒಂದು ಸಲ ಶೇಕಡ 20ರಲ್ಲಿ, ಮತ್ತೊಂದು ಸಲ 71ರಲ್ಲಿ, ಇನ್ನೊಮ್ಮೆ ಆರಂಭದಲ್ಲೇ ನಿಂತಿದೆ. ಅದೇ ಡಿವಿಡಿಗಳು ನೆರೆಮನೆಯ ಯಂತ್ರದಲ್ಲಿ ಸಲೀಸಾಗಿ ಓದಿಸಿಕೊಂಡಿವೆ. ಡಿವಿಡಿಯಿಂದ ಓದಿದ್ದೆಲ್ಲವೂ ಮೊದಲು ರ‍್ಯಾಮಿಗೆ ಬಂದು, ಅಲ್ಲಿಂದ ಹಾರ್ಡ್ ಡಿಸ್ಕಿಗೆ ಹೋಗಬೇಕು. ರ‍್ಯಾಮ್ ಕೆಟ್ಟಿದ್ದರೆ ಸರಿಯಾಗಿ ಓದಿದ್ದೂ ತಪ್ಪಾಗಿಯೇ ತಲುಪುತ್ತದೆ. ಯಂತ್ರ ಪಾಪ, ಕಡತ ಕೆಟ್ಟಿದೆಯೆಂದು ಡಿವಿಡಿಯನ್ನು ದೂರುತ್ತದೆ. ವಿದ್ಯುತ್ ಸಂಪರ್ಕ ತೆಗೆದು, ಪೆಟ್ಟಿಗೆಯ ಲೋಹವನ್ನು ಒಮ್ಮೆ ಮುಟ್ಟಿ, ರ‍್ಯಾಮ್ ಪಟ್ಟಿಯನ್ನು ಕಳಚಿ, ಅದರ ಹೊಂಬಣ್ಣದ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೃದುವಾಗಿ ಉಜ್ಜಿ ಮತ್ತೆ ಕೂರಿಸಿ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಇಟ್ಟು ನೋಡಿ. ಮೆಮ್‌ಟೆಸ್ಟ್86+ ಎಂಬ ಉಚಿತ ಪರೀಕ್ಷೆಯನ್ನು ಒಂದು ರಾತ್ರಿ ನಡೆಯಲು ಬಿಟ್ಟರೆ ಬೆಳಗ್ಗೆ ನಿರ್ಣಯ ಸಿಕ್ಕಿರುತ್ತದೆ. ಕೆಂಪಕ್ಷರದಲ್ಲಿ ಒಂದು ದೋಷ ಕಂಡರೂ ಆ ಪಟ್ಟಿಯನ್ನು ಬದಲಿಸಲೇಬೇಕು. ಅಂಗಡಿಯವರಲ್ಲಿ ಉಪಾಧ್ಯಾಯರು ಒಂದು ಒಳ್ಳೆಯ ಮಾತಾಡಿ ಬರಲಿ.

ಹೊನ್ನಾಳಿಯಿಂದ ಬರೆದ ಪ್ರೌಢಶಾಲಾ ಶಿಕ್ಷಕಿ ಉಬುಂಟು ಬಲ್ಲವರು. 2011ರಿಂದೀಚೆಗೆ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳ ಮೂಲಕ ನಮ್ಮ ಸರ್ಕಾರಿ ಪ್ರೌಢಶಾಲೆಗಳ ಅನೇಕ ಶಿಕ್ಷಕರು ಅದನ್ನು ಬಳಸಲು ಕಲಿತರು. ಅವರು ಅಂತರಜಾಲದಿಂದ ಇಳಿಸಿದ ಒಂದೇ ಪ್ರತಿಯಿಂದ ಎರಡು ಹೊಸ ಡಿವಿಡಿ ಬರೆದಿದ್ದಾರೆ. ಎರಡೂ, ಶಾಲೆಯ ಎರಡು ಯಂತ್ರಗಳಲ್ಲಿ, ಒಂದೇ ಕಡತದ ಬಳಿ ನಿಂತಿವೆ. ಅಲ್ಲಿಗೆ ಡಿವಿಡಿಯೂ ಯಂತ್ರವೂ ಬಿಡುಗಡೆ ಹೊಂದಿದವು. ಇಳಿಸಿದ ಪ್ರತಿಯೇ ದೋಷಯುಕ್ತ. ನಡುವೆ ಸಂಪರ್ಕ ಕಡಿದಿರಬೇಕು. ನಮ್ಮ ಷಟ್ಪದಿ ಕಾವ್ಯಗಳ ಓಲೆಪ್ರತಿಗಳ ಕೊನೆಯಲ್ಲಿ ಸಂಧಿ ಇಷ್ಟು, ಪದ್ಯ ಇಷ್ಟು ಎಂದು ಎಣಿಕೆ ಬರೆದಿರುವುದುಂಟು; ಪ್ರತಿಮಾಡಿದವನು ಪದ್ಯ ನುಂಗಿದರೆ ಎಣಿಕೆ ಅವನನ್ನು ಹಿಡಿದುಕೊಡುತ್ತದೆ. ಇಲ್ಲಿ ಆ ಕೆಲಸಕ್ಕೆ ಶಾ-256 ಎಂಬ ಲೆಕ್ಕವಿದೆ. ಇಡೀ ಪ್ರತಿಯಿಂದ 64 ಅಕ್ಷರಗಳ ಒಂದು ಸಾಲು ಹುಟ್ಟುತ್ತದೆ. ಎಣಿಕೆಗೆ ಪದ್ಯ ತಪ್ಪಿದ್ದು ಗೊತ್ತಾಗುತ್ತದೆ, ಅಕ್ಷರ ತಪ್ಪಿದ್ದು ಗೊತ್ತಾಗದು; ಈ ಸಾಲಾದರೋ ಒಂದು ಬಿಂದು ಬದಲಾದರೂ ಪೂರ್ತಿ ಬದಲಾಗುತ್ತದೆ. ವಿಂಡೋಸಿನ ಸರ್ಟ್‌ಯುಟಿಲ್, ಲಿನಕ್ಸಿನ ಶಾ256ಸಮ್ ಎಂಬ ಆಜ್ಞೆಗಳಿಂದ ಅದನ್ನು ಪಡೆದು ಪ್ರಕಾಶಕರ ತಾಣದಲ್ಲಿ ಕೊಟ್ಟಿರುವ ಸಾಲಿನೊಡನೆ ಹೋಲಿಸಿ. ಒಂದಾಗದಿದ್ದರೆ ಮತ್ತೆ ಇಳಿಸಿಕೊಳ್ಳುವುದೇ ಪರಿಹಾರ.

ಬರೆಯುವಾಗ ಕನಿಷ್ಠ ವೇಗ ಆರಿಸಿ. ಐಎಸ್ಒ ಕಡತವನ್ನು ಸಾಮಾನ್ಯ ಕಡತದಂತೆ ಸೀಡಿಗೆ ನಕಲಿಸಬೇಡಿ. ಇಮೇಜ್ ಬರೆಯುವ ಆಯ್ಕೆಯಿಂದಲೇ ಬರೆಯಬೇಕು. ಸೀಡಿ ತೆರೆದರೆ ಒಂದೇ ಒಂದು ದೊಡ್ಡ ಕಡತ ಕಂಡಿತೋ, ಅದರಿಂದ ಯಂತ್ರ ಆರಂಭವಾಗದು. ಉಬುಂಟು 24.04ರ ಪ್ರತಿ 5 ಗಿಗಾಬೈಟ್ ಮೀರಿದ್ದು, 4.7 ಗಿಗಾಬೈಟಿನ ಸಾಮಾನ್ಯ ಡಿವಿಡಿಯಲ್ಲಿ ಹಿಡಿಸುವುದೂ ಇಲ್ಲ. ಯಂತ್ರಕ್ಕೆ ಪೆನ್‌ಡ್ರೈವಿನಿಂದ ಆರಂಭವಾಗುವ ಶಕ್ತಿಯಿದ್ದರೆ ಡಿವಿಡಿಯ ಗೊಡವೆಯೇ ಬೇಡ. ತೀರ ಹಳೆಯ ಯಂತ್ರಗಳಿಗಷ್ಟೇ ಅದು ಅನಿವಾರ್ಯ.

ಒರೆಸುವ ವಿಷಯದಲ್ಲಿ ಒಂದು ಮಾತು. ಹೊಳೆಯುವ ಬದಿಯನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಸುತ್ತಲೂ ತಿರುಗಿಸುತ್ತ ಒರೆಸಿದರೆ ಬೀಳುವ ಗೀರು ಸುರುಳಿಯ ಜಾಡಿನಲ್ಲೇ ಉದ್ದಕ್ಕೆ ಸಾಗಿ, ಗಣಿತ ತುಂಬಿಕೊಡಬಲ್ಲ ಮಿತಿಯನ್ನು ದಾಟುತ್ತದೆ. ಅಡ್ಡಗೀರಾದರೆ ಪ್ರತಿ ಸುತ್ತಿನಲ್ಲಿ ಕೂದಲೆಳೆಯಷ್ಟೇ ನಷ್ಟ. ಬೆಳ್ಳಿ ಪಾತ್ರೆಯನ್ನು ವಿಭೂತಿಯಿಂದ ಬೆಳಗಿದಂತೆ ಸೀಡಿಯನ್ನೂ ಬೆಳಗಿದ ಗೃಹಿಣಿಯೊಬ್ಬರನ್ನು ಬಲ್ಲೆ. ಭಕ್ತಿಯಲ್ಲಿ ಕೊರತೆಯಿರಲಿಲ್ಲ, ಸೀಡಿ ಮಾತ್ರ ಉಳಿಯಲಿಲ್ಲ. ಹೆಸರು ಬರೆಯುವ ಮೇಲಿನ ಬದಿಯೇ ಗಟ್ಟಿಯೆಂಬ ನಂಬಿಕೆಯೂ ತಪ್ಪು. ಸೀಡಿಯ ಬರವಣಿಗೆಯಿರುವುದು ಆ ಬದಿಯ ತೆಳು ಲೇಪದ ಕೆಳಗೇ. ಅಲ್ಲಿ ಬಾಲ್‌ಪೆನ್ನಿನ ಮೊನೆ ಒತ್ತಿದರೆ ಅಕ್ಷರವೇ ಕಿತ್ತುಹೋಗುತ್ತದೆ. ಬಯಲುಸೀಮೆಯ ಧೂಳು ಡ್ರೈವಿನ ಮಸೂರದ ಮೇಲೆ ಕೂತಿದ್ದರೆ, ಯಂತ್ರ ಆರಿಸಿದ ಮೇಲೆ, ಐಸೊಪ್ರೊಪೈಲ್ ಆಲ್ಕೊಹಾಲ್ ತೇವದ ಹತ್ತಿಯಿಂದ ಒತ್ತದೆ ಒರೆಸಬಹುದು.

ಚನ್ನಗಿರಿಯ ಪತ್ರ ಬೇರೆ ಬಗೆಯದು. ಅಲ್ಲಿಯದು ಅರೆಮಲೆನಾಡಿನ ಗಾಳಿ, ಮಳೆಗಾಲದಲ್ಲಿ ಬೀರುವಿನೊಳಗೂ ತೇವ. ಕೆನೊನಿಕಲ್ ಸಂಸ್ಥೆ 2005ರಿಂದ 2011ರವರೆಗೆ ಕೇಳಿದವರಿಗೆಲ್ಲ ಉಬುಂಟು ಸೀಡಿಯನ್ನು ಅಂಚೆಯಲ್ಲಿ ಉಚಿತವಾಗಿ ಕಳುಹಿಸುತ್ತಿತ್ತು. ಅಂತಹದೊಂದನ್ನು ಈ ಅಡಿಕೆ ಬೆಳೆಗಾರರು ಜೋಪಾನ ಮಾಡಿದ್ದರು. ಈಗ ಅದರ ಮೇಲೆ ಬಿಳಿಯ ಬಳ್ಳಿಯಂತಹ ಗುರುತು, ಓದುವುದಿಲ್ಲ. ಶಿಲೀಂಧ್ರ ಸೀಡಿಯನ್ನು ತಿನ್ನಬಲ್ಲದೇ ಎಂದು ಕೇಳಿದ್ದಾರೆ. ತಿನ್ನಬಲ್ಲದು. ಬೆಲೀಜ್ ದೇಶದಿಂದ ಬಂದ ಸೀಡಿಯೊಂದರ ಪ್ಲಾಸ್ಟಿಕ್ಕನ್ನೂ ಅಲ್ಯೂಮಿನಿಯಂ ಪದರವನ್ನೂ ಶಿಲೀಂಧ್ರ ತಿಂದುದನ್ನು ಮ್ಯಾಡ್ರಿಡ್‌ನ ವಿಜ್ಞಾನಿಗಳು 2001ರಲ್ಲಿ ವರದಿ ಮಾಡಿದ್ದಾರೆ. ಗುರುತು ಮೇಲ್ಮೈಯಲ್ಲಷ್ಟೇ ಇದ್ದರೆ ಮೆದು ಸಾಬೂನಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ ನೋಡಬಹುದು. ಹೋದರೂ ಚಿಂತೆಯಿಲ್ಲ, ಉಬುಂಟುವಿನ ಹಳೆಯ ಆವೃತ್ತಿಗಳು ಅದರ ತಾಣದ ಭಂಡಾರದಲ್ಲಿ ಇಂದಿಗೂ ದೊರೆಯುತ್ತವೆ.

ಅವರ ಪತ್ರದ ಕೊನೆಯ ಸಾಲು ನನ್ನನ್ನು ಹೆಚ್ಚು ತಡೆಯಿತು. ಅದೇ ಪೆಟ್ಟಿಗೆಯಲ್ಲಿ ಮಗಳ ಮದುವೆಯ ಸೀಡಿಯೂ ಇದೆ, ಅದಕ್ಕೂ ಬಿಳಿ ತಗುಲಿದೆ, ಅದರಲ್ಲಿ ಈಗಿಲ್ಲದ ಅಜ್ಜಿಯವರ ಮಾತಿದೆ. ಇದನ್ನು ಯಾವ ಭಂಡಾರದಿಂದಲೂ ಇಳಿಸಿಕೊಳ್ಳಲಾಗದು. ಛಾಯಾಗ್ರಾಹಕರು ಆಗ ಎರಡು ಪ್ರತಿ ಮಾಡಿ ಒಂದನ್ನು ಬೀಗರ ಮನೆಗೆ ಕೊಟ್ಟಿದ್ದರಂತೆ. ಅದು ಒಂದೇ ಮೂಲದಿಂದ ಹಾಗೆ ಹಾಗೆಯೇ ಬರೆದ ಪ್ರತಿಯಾಗಿದ್ದರೆ ಆಸೆಯಿದೆ. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಸೀಡಿಯಲ್ಲಿ ಓದಬಹುದಾದ ಭಾಗಗಳನ್ನೆಲ್ಲ ಮೊದಲು ಎತ್ತಿಕೊಂಡು, ಓದಲಾಗದ ಜಾಗಗಳನ್ನು ಒಂದು ಪಟ್ಟಿಯಲ್ಲಿ ಗುರುತಿಟ್ಟುಕೊಳ್ಳುತ್ತದೆ. ಎರಡನೆಯ ಪ್ರತಿಯನ್ನು ಇಟ್ಟಾಗ ಆ ಪಟ್ಟಿಯ ಜಾಗಗಳನ್ನಷ್ಟೇ ಅದರಿಂದ ತುಂಬಿಕೊಳ್ಳುತ್ತದೆ. ಎರಡು ಓಲೆಕಟ್ಟುಗಳಲ್ಲಿ ಹುಳು ತಿಂದ ಜಾಗ ಒಂದೇ ಆಗಿರುವುದು ಅಪರೂಪ. ಬೀಗರ ಮನೆಯಿಂದ ಆ ಸೀಡಿ ಬರುವವರೆಗೆ ನಿಮ್ಮದನ್ನು ಉಜ್ಜಬೇಡಿ, ಬಿಸಿಲಿಗೆ ಇಡಬೇಡಿ, ಓದೀತೇನೋ ಎಂದು ಪದೇ ಪದೇ ಡ್ರೈವಿಗೆ ಹಾಕಿ ನೋಡಲೂಬೇಡಿ.