ಕತ್ತಿನ ಗಂಟು: ಶಂಕೆಯೇ ತೀರ್ಪಲ್ಲ

ಮಗುವಿನ ತಲೆ ಬಾಚುವಾಗ ತಾಯಿಯ ಬೆರಳಿಗೆ ಕತ್ತಿನ ಪಕ್ಕದಲ್ಲೊಂದು ಗಂಟು ತಾಗುತ್ತದೆ. ನೋವಿಲ್ಲ, ವಾರಗಳು ಕಳೆದರೂ ಕರಗುವುದಿಲ್ಲ. ಹಿಂದಿನವರು ಇದನ್ನು ಗಂಡಮಾಲೆ ಎಂದರು. ಇಂದಿನ ವೈದ್ಯರು ಸ್ಕ್ಯಾನಿಂಗ್‌ಗೆ ಬರೆದುಕೊಡುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡ ಮನೆಗಳಿಗೂ ಆ ವರದಿ ಬರುವುದು ಇಂಗ್ಲಿಷಿನಲ್ಲಿಯೇ. ಕೊನೆಯಲ್ಲಿ ‘ಸಜೆಸ್ಟಿವ್ ಆಫ್ ಟ್ಯೂಬರ್‌ಕ್ಯುಲೋಸಿಸ್’ ಎಂದಿದ್ದರೆ ಮನೆಮಂದಿಯ ಧೈರ್ಯವೇ ಉಡುಗುತ್ತದೆ. ಆದರೆ ಆ ಸಾಲು ಹೇಳುವುದು ‘ಕ್ಷಯವಿರಬಹುದು’ ಎಂದಷ್ಟೆ, ‘ಕ್ಷಯವಿದೆ’ ಎಂದಲ್ಲ.

ಅಲ್ಟ್ರಾಸೌಂಡ್ ಯಂತ್ರವು ಕಿವಿಗೆ ಕೇಳಿಸದ ಧ್ವನಿಯನ್ನು ದೇಹದೊಳಕ್ಕೆ ಕಳುಹಿಸಿ, ಮರಳುವ ಪ್ರತಿಧ್ವನಿಯಿಂದ ಚಿತ್ರ ಮೂಡಿಸುತ್ತದೆ. ಇದರಲ್ಲಿ ಕ್ಷ-ಕಿರಣವಿಲ್ಲ. ಆರೋಗ್ಯವಂತ ದುಗ್ಧಗ್ರಂಥಿ ಅವರೆಕಾಳಿನಂತೆ ನೀಳವಾಗಿದ್ದು, ನಡುವೆ ಬಿಳಿ ಗೆರೆ ಕಾಣುತ್ತದೆ. ಕ್ಷಯ ತಗುಲಿದ ಗ್ರಂಥಿ ಸಾಮಾನ್ಯವಾಗಿ ದುಂಡಗಾಗಿ ಕಪ್ಪಾಗುತ್ತದೆ. ಬಿಳಿ ಗೆರೆ ಅಳಿಯುತ್ತದೆ. ಒಳಭಾಗ ಕೊಳೆತು ದ್ರವವಾಗುತ್ತದೆ. ನೆರೆಯ ಗ್ರಂಥಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಇವೆಲ್ಲ ಸಾಂದರ್ಭಿಕ ಸಾಕ್ಷ್ಯಗಳು. ದುಗ್ಧಗ್ರಂಥಿಯ ಕ್ಯಾನ್ಸರಾದ ಲಿಂಫೋಮಾ, ಇತರ ಸೋಂಕುಗಳು ಕೆಲವೊಮ್ಮೆ ಇದೇ ರೂಪ ತಾಳುತ್ತವೆ. ಚಿತ್ರವನ್ನೇ ನಂಬಿ ಮಾತ್ರೆ ಆರಂಭಿಸಿದರೆ, ಬೇರೆ ರೋಗವಿದ್ದಲ್ಲಿ ಅಮೂಲ್ಯವಾದ ತಿಂಗಳುಗಳು ವ್ಯರ್ಥವಾಗುತ್ತವೆ. ಆದುದರಿಂದ ಸ್ಕ್ಯಾನಿಂಗಿನ ಎರಡನೆಯ ಉಪಕಾರವೇ ದೊಡ್ಡದು: ರಕ್ತನಾಳಗಳನ್ನು ತಪ್ಪಿಸಿ, ಸರಿಯಾದ ಜಾಗಕ್ಕೆ ಸೂಜಿಯನ್ನು ನಡೆಸುವುದು. ಹಾಗೆ ತೆಗೆದ ಮಾದರಿ ಸೂಕ್ಷ್ಮದರ್ಶಕದ ಪರೀಕ್ಷೆಗೂ ಸೀಬಿನಾಟ್ ಅಥವಾ ಟ್ರೂನಾಟ್ ಪರೀಕ್ಷೆಗೂ ಹೋಗಬೇಕು. ಇವು ಕ್ಷಯಾಣುವನ್ನು ಗುರುತಿಸುವುದಲ್ಲದೆ, ರಿಫಾಂಪಿಸಿನ್ ಔಷಧಿಗೆ ಅದು ಮಣಿಯುವುದೋ ಇಲ್ಲವೋ ಎಂಬುದನ್ನೂ ಕೆಲವೇ ಗಂಟೆಗಳಲ್ಲಿ ತಿಳಿಸಬಲ್ಲವು. ಮಾದರಿಯನ್ನೆಲ್ಲ ಫಾರ್ಮಲಿನ್‌ನಲ್ಲಿ ಮುಳುಗಿಸಿದರೆ ಅಣುಗಳು ಸಾಯುತ್ತವೆ; ಆಮೇಲೆ ಕಲ್ಚರ್ ಪರೀಕ್ಷೆ ಸಾಧ್ಯವಿಲ್ಲ. ಇದನ್ನು ಪಾಲಕರು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಗ್ರಂಥಿಯಲ್ಲಿ ಅಣುಗಳು ವಿರಳವಾಗಿರುವುದರಿಂದ, ಒಂದು ಪರೀಕ್ಷೆಯಲ್ಲಿ ಕಾಣದಿದ್ದ ಮಾತ್ರಕ್ಕೆ ಕ್ಷಯವಿಲ್ಲವೆಂದೂ ತೀರ್ಮಾನಿಸಲಾಗದು.

ರೋಗ ದೃಢಪಟ್ಟರೆ ಚಿಕಿತ್ಸೆ ಸಾಮಾನ್ಯವಾಗಿ 6 ತಿಂಗಳು. ಸರ್ಕಾರಿ ಕೇಂದ್ರಗಳಲ್ಲಿ ಔಷಧಿ ಉಚಿತ. ನಿಕ್ಷಯ ಪೋಷಣ ಯೋಜನೆಯಡಿ ಆಹಾರಕ್ಕಾಗಿ ತಿಂಗಳಿಗೆ 1000 ರೂಪಾಯಿ ದೊರೆಯುತ್ತದೆ. ಚಿಕಿತ್ಸೆಯ ನಡುವೆ ಗಂಟು ಮತ್ತೆ ಊದುವುದುಂಟು. ಆಗ ವೈದ್ಯರಿಗೆ ತೋರಿಸಬೇಕೇ ಹೊರತು ಮಾತ್ರೆ ನಿಲ್ಲಿಸಬಾರದು.

ಇನ್ನು ಶಾಲೆಯ ಮಾತು. ಕ್ಷಯ ಕತ್ತಿನ ಗ್ರಂಥಿಯಲ್ಲಿ ಮಾತ್ರವಿದ್ದರೆ ಕೆಮ್ಮಿನಿಂದ ಹರಡುವುದಿಲ್ಲ; ಶ್ವಾಸಕೋಶದಲ್ಲೂ ಇದೆಯೇ ಎಂದು ತಿಳಿಯಲು ಎದೆಯ ಎಕ್ಸ್-ರೇ ಅವಶ್ಯ. ಜಿಲ್ಲಾ ಪರಿಷತ್ತಿನ ಶಾಲೆಯಲ್ಲಿ ಕಲಿಯುವ ಮಗುವನ್ನು ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಶಾಲೆಯಿಂದ ಹೊರಹಾಕುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೆಯ ಕಲಂ ನಿಷೇಧಿಸುತ್ತದೆ. ಹೆಸರು ಕೆಟ್ಟೀತೆಂಬ ಭಯದಿಂದ ವರದಿಯನ್ನು ಪೆಟ್ಟಿಗೆಯಲ್ಲಿ ಬಚ್ಚಿಡುವ ಕಾರಣ ಯಾವ ಮನೆಗೂ ಇಲ್ಲ. ವರದಿ ಕೈಗೆ ಬಂದ ದಿನವೇ ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಒಂದೇ: ‘ಸೂಜಿ ಪರೀಕ್ಷೆ ಎಂದು?’