ಕೋವಿಯ ಪರವಾನಿಗೆಯೂ ನೆರೆಹೊರೆಯ ನ್ಯಾಯವೂ

ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯದ ಅಡಿಕೆಯ ತೋಟಗಳ ನಡುವೆ ಹರಿದು, ಕಾಸರಗೋಡಿನಲ್ಲಿ ಚಂದ್ರಗಿರಿಯೆಂಬ ಹೆಸರಿನಿಂದ ಕಡಲನ್ನು ಸೇರುವ ಪಯಸ್ವಿನಿಯು ಮೂರು ಆಡಳಿತಗಳನ್ನು ದಾಟಿ ಬರುತ್ತದೆ. ನೀರು ಎಲ್ಲೆಡೆಯೂ ಒಂದೇ. ರಾತ್ರಿ ಕಳೆಯುವುದರೊಳಗೆ ದಡದ ಗದ್ದೆಯನ್ನು ಬುಡಮೇಲು ಮಾಡುವ ಹಂದಿಯ ಜಾತಿಯೂ ಒಂದೇ. ಆದರೆ ಆ ಹಂದಿಗೆ ಎದುರಾಗಿ ನಿಲ್ಲುವ ಒಕ್ಕಲಿನ ಕೈಯಲ್ಲಿ ಕೋವಿ ಇರಬಹುದೇ, ಇದ್ದರೆ ಅದರಿಂದ ಏನು ಮಾಡಬಹುದು ಎಂಬ ಪ್ರಶ್ನೆಗೆ ಮಾತ್ರ ಮೂರು ಕಡೆ ಮೂರು ಉತ್ತರಗಳಿವೆ. ಸಂಪಾಜೆಯೆಂಬ ಒಂದೇ ಹೆಸರಿನ ಊರು ಗಡಿಯ ಆಚೆಗೂ ಉಂಟು, ಈಚೆಗೂ ಉಂಟು. ಆಚೆಯವನು ಕೊಡವನೋ ಜಮ್ಮಾ ಹಿಡುವಳಿದಾರನೋ ಆಗಿದ್ದರೆ ಅವನಿಗೆ ವಿನಾಯಿತಿಯ ಪತ್ರವೊಂದು ಸಾಕು. ಈಚೆಯವನಾದರೋ ಅರ್ಜಿ, ಪೊಲೀಸು ವರದಿ, ತರಬೇತಿಯ ಪತ್ರ, ವೈದ್ಯರ ಪತ್ರ ಇವಿಷ್ಟನ್ನೂ ಹೊತ್ತು ಮಂಗಳೂರಿನ ಕಚೇರಿಯ ಮೆಟ್ಟಿಲನ್ನು ಏರಿ ಇಳಿಯತಕ್ಕದ್ದು.

ಇದು ಕಾಯಿದೆಯ ದೋಷವೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಆಯುಧಗಳ ವಿಷಯವು ಸಂವಿಧಾನದಲ್ಲಿ ಕೇಂದ್ರದ ಪಟ್ಟಿಗೆ ಸೇರಿದ್ದು. 1959ರ ಆಯುಧ ಕಾಯಿದೆಯು ದೇಶಕ್ಕೆಲ್ಲ ಒಂದೇ. ಅದರ 13ನೆಯ ಕಲಮನ್ನು ಒಮ್ಮೆ ಸಾವಧಾನವಾಗಿ ಓದಿದವರಿಗೆ ಆಶ್ಚರ್ಯವಾಗದೆ ಇರದು. ಪಿಸ್ತೂಲು, ರಿವಾಲ್ವರುಗಳಂಥ ಆಯುಧವನ್ನು ಕೇಳುವವನು ಅದಕ್ಕೆ ತಕ್ಕ ಕಾರಣವನ್ನು ತೋರಿಸಿ ಅಧಿಕಾರಿಯನ್ನು ಒಪ್ಪಿಸಬೇಕೆಂದು ಆ ಕಲಮು ಹೇಳುತ್ತದೆ. ಆದರೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು ಬೆಳೆಯ ರಕ್ಷಣೆಗೆಂದು ನಿಜವಾಗಿ ಕೇಳುವ ಪ್ರಜೆಗೆ, ಬೇರೆ ಅನರ್ಹತೆಯಿಲ್ಲದ ಪಕ್ಷದಲ್ಲಿ, ಪರವಾನಿಗೆಯನ್ನು ಕೊಡತಕ್ಕದ್ದು ಎಂಬುದೇ ಅದರ ವಿಧಿ. ಮುಂದಿನ ಕಲಮು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗಿ, ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣದಿಂದ ನಿರಾಕರಿಸಕೂಡದೆಂದೂ, ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕೆಂದೂ ಕಟ್ಟು ಮಾಡಿದೆ. ಅಂದರೆ ಕಾಯಿದೆಯ ದೃಷ್ಟಿಯಲ್ಲಿ ಹೊಲದ ಕೋವಿಗೆ ಬಾಗಿಲು ತೆರೆದೇ ಇದೆ. ಜೇಬಿನ ಪಿಸ್ತೂಲಿಗೆ ಬಾಗಿಲಲ್ಲಿ ಕಾವಲಿದೆ. ವ್ಯವಹಾರದಲ್ಲಿ ಇದು ತಲೆಕೆಳಗಾಗಿದೆಯೆಂಬುದು ಘಟ್ಟದ ಬುಡದ ಒಕ್ಕಲುಗಳ ಹಳೆಯ ದೂರು. ದೊಡ್ಡವರ ಪರಿಚಯವುಳ್ಳ ಪೇಟೆಯ ಅರ್ಜಿದಾರನಿಗೆ ‘ಆತ್ಮರಕ್ಷಣೆ’ಯೆಂಬ ಒಂದು ಪದವು ದಾರಿ ಮಾಡಿಕೊಟ್ಟೀತು, ಎರಡೆಕರೆ ತೋಟದವನಿಗೆ ಪಹಣಿಯ ಪ್ರತಿಯೂ ದಾರಿ ತೋರಿಸದು.

ಅಷ್ಟೇ ಅಲ್ಲ. 2010ರಲ್ಲಿ ಮಂಗಳೂರಿಗೆ ಪೊಲೀಸು ಕಮಿಷನರರ ಆಡಳಿತವು ಬಂದಂದಿನಿಂದ ಈ ಒಂದೇ ಜಿಲ್ಲೆಯೊಳಗೂ ಪರವಾನಿಗೆ ಕೊಡುವ ಕೈಗಳು ಎರಡಾಗಿವೆ. ಮೂಡುಬಿದಿರೆಯ ಕೃಷಿಕನ ಅರ್ಜಿ ಕಮಿಷನರರ ಮುಂದೆ; ಬಂಟ್ವಾಳದವನದು ಜಿಲ್ಲಾಧಿಕಾರಿಯವರ ಮುಂದೆ. ಇಬ್ಬರ ಅಡಿಕೆಯೂ ಒಂದೇ ಮಂಡಿಗೆ ಬರುವುದು. ಎರಡು ಮೇಜುಗಳಿಗೆ ಎರಡು ಮನಸ್ಸುಗಳಿದ್ದರೆ ಅದನ್ನು ನ್ಯಾಯವೆನ್ನಬೇಕೆ, ಅದೃಷ್ಟವೆನ್ನಬೇಕೆ?

ಪರವಾನಿಗೆ ದೊರೆತವನಿಗೂ ನೆಮ್ಮದಿಯೆಂಬುದಿಲ್ಲ. ಚುನಾವಣೆಯೊಂದು ಬಂತೆಂದರೆ ಕೋವಿಯನ್ನು ಠಾಣೆಯಲ್ಲಿಡಬೇಕೆಂಬ ಆಜ್ಞೆ ಹೊರಡುತ್ತದೆ. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆಯುಳ್ಳವರು, ಗಲಭೆಗಳಲ್ಲಿ ಹೆಸರು ಬಂದವರು ಯಾರೆಂಬುದನ್ನು ಸಮಿತಿಯೊಂದು ಪರಿಶೀಲಿಸಿ ಅಂಥವರ ಆಯುಧಗಳನ್ನು ಇಡಿಸಿಕೊಳ್ಳಬೇಕೆಂಬುದು ಚುನಾವಣಾ ಆಯೋಗದ ಸೂಚನೆಯ ತಾತ್ಪರ್ಯ. ಒಬ್ಬೊಬ್ಬರನ್ನೇ ನೋಡುವುದಕ್ಕಿಂತ ಎಲ್ಲರದನ್ನೂ ಕಟ್ಟಿಡುವುದು ಸುಲಭವಷ್ಟೆ! ಮತದಾನಕ್ಕೆ ಮುಂಚಿನಿಂದ ಎಣಿಕೆ ಮುಗಿಯುವವರೆಗೆ ವಾರಗಟ್ಟಲೆ ಕೋವಿಯು ಠಾಣೆಯ ಕಪಾಟಿನಲ್ಲಿ ನಿದ್ರಿಸುತ್ತದೆ. ಮಂಗ ಹಂದಿಗಳಿಗೆ ಮಾತ್ರ ನೀತಿಸಂಹಿತೆ ಅನ್ವಯಿಸುವುದಿಲ್ಲ.

ಇನ್ನು ಕೊಡಗಿನ ಮಾತು. 1837ರಲ್ಲಿ ಸುಳ್ಯದ ಕಡೆಯಿಂದ ಎದ್ದ ದಂಗೆಯವರು ಮಂಗಳೂರನ್ನೇ ಹಿಡಿದು ಕೆಲವು ದಿನ ಇಲ್ಲಿ ತಮ್ಮ ಬಾವುಟವನ್ನು ಹಾರಿಸಿದರು. ಅದನ್ನಡಗಿಸಲು ನೆರವಾದ ಕೊಡಗಿನವರಿಗೆ ಕಂಪೆನಿ ಸರಕಾರವು ಚಿನ್ನದ, ಬೆಳ್ಳಿಯ ಪದಕಗಳನ್ನು ಹಂಚಿತು. 1857ರ ಬಳಿಕ ದೇಶವನ್ನೆಲ್ಲ ನಿಃಶಸ್ತ್ರಗೊಳಿಸುವ ಕಾಯಿದೆಗಳು ಬಂದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಸಾಹೇಬರು ಕೊಡಗಿನವರ ನಿಷ್ಠೆಯನ್ನೂ ಶೌರ್ಯವನ್ನೂ ಹೊಗಳಿ ಅವರನ್ನು ಆ ಕಾಯಿದೆಯಿಂದ ಹೊರಗಿಟ್ಟರು. ಪರಕೀಯ ಪ್ರಭುತ್ವವು ಒಬ್ಬರ ನಿಷ್ಠೆಗೆ ಕೊಟ್ಟ ಬಹುಮಾನವೂ, ಮಿಕ್ಕವರ ಅವಿಧೇಯತೆಗೆ ವಿಧಿಸಿದ ದಂಡವೂ ಸ್ವತಂತ್ರ ಭಾರತದಲ್ಲಿ ಹಾಗೆಯೇ ಮುಂದುವರಿದುವು. 2019ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವು ಆ ವಿನಾಯಿತಿಯನ್ನು 2029ರ ವರೆಗೆ ವಿಸ್ತರಿಸಿತು; 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದು ಊರ್ಜಿತವೆಂದು ತೀರ್ಮಾನಿಸಿತು. ತೀರ್ಪಿಗೆ ತಲೆಬಾಗೋಣ. ಆದರೆ ಊರ್ಜಿತವಾದುದೆಲ್ಲ ಉಚಿತವೆಂದು ನ್ಯಾಯಾಲಯವೂ ಹೇಳಿಲ್ಲ.

ಕೈಲ್ಪೋದಿನಂದು ಕೋವಿಗೆ ಹೂವೇರಿಸಿ ಪೂಜಿಸುವ ಜನರ ಮೇಲೆ ಇಲ್ಲಿಯವರಿಗೆ ಮತ್ಸರವೇನೂ ಇರಬೇಕಾದುದಿಲ್ಲ. ಅವರ ಕೋವಿಯನ್ನು ಕಿತ್ತುಕೊಂಡರೆ ಇಲ್ಲಿಯ ಒಂದು ತೆಂಗಿನಕಾಯಿಯೂ ಉಳಿಯದು. ಪ್ರಶ್ನೆಯಿರುವುದು ತರ್ಕದಲ್ಲಿ. ಆ ಜನರು ಕೋವಿಯನ್ನು ತಲೆಮಾರುಗಳಿಂದ ಮರ್ಯಾದೆಯಿಂದ ಇಟ್ಟುಕೊಂಡಿದ್ದಾರೆ, ದುರುಪಯೋಗಪಡಿಸಲಿಲ್ಲ ಎಂಬುದು ವಿನಾಯಿತಿಯ ಪರವಾದ ಮುಖ್ಯ ವಾದ. ಸೊಗಸಾದ ವಾದ! ಹಾಗಾದರೆ ಅಳತೆಗೋಲು ನಡತೆಯೆಂದಾಯಿತು. ನಡತೆಯೇ ಅಳತೆಗೋಲಾದರೆ ಅದನ್ನು ಸುಳ್ಯದವನಿಗೂ ಕಡಬದವನಿಗೂ ಹಿಡಿದು ನೋಡಬೇಡವೆ? ಇಪ್ಪತ್ತು ಮೂವತ್ತು ವರ್ಷ ಪರವಾನಿಗೆಯಿಟ್ಟುಕೊಂಡು ಒಂದು ಸಲವೂ ಠಾಣೆಯ ಕಪ್ಪು ಪಟ್ಟಿಗೆ ಬಾರದ ಒಕ್ಕಲಿನ ನಡತೆ ಯಾವ ವಿಧದಲ್ಲಿ ಕಡಮೆ? ಅಳತೆಗೋಲು ನಡತೆಯಲ್ಲ, ಹುಟ್ಟು ಎನ್ನುವವರು ಹಾಗೆಂದು ಬಾಯಿಬಿಟ್ಟು ಹೇಳಲಿ. ಆಮೇಲೆ ಸಮಾನತೆಯ ಮಾತನ್ನೆತ್ತದಿರಲಿ.

ಮಂಗಳೂರಿನಂಥ ಕೆಣಕಿದರೆ ಸಿಡಿಯುವ ಊರಿನಲ್ಲಿ ಆಯುಧಗಳನ್ನು ಹೆಚ್ಚಿಸುವುದೆ ಎಂದು ಕೆಲವರು ಗಾಬರಿಪಡುತ್ತಾರೆ. ಅವರ ಭಯವು ನಿರಾಧಾರವಲ್ಲ. ಆದರೆ ಅದು ತಪ್ಪು ವಸ್ತುವಿನ ಮೇಲೆ ನೆಟ್ಟಿದೆ. ಈ ಜಿಲ್ಲೆಯ ನೆಮ್ಮದಿಯನ್ನು ಕೆಡಿಸಿದ ಕೊಲೆಗಳಲ್ಲಿ ಎಷ್ಟೋ ತಲವಾರಿನವು. ಅದಕ್ಕಾಗಿ ಯಾವ ಕೊಲೆಗಡುಕನೂ ಅರ್ಜಿ ಬರೆಯಲಿಲ್ಲ. ಮಾರುದ್ದದ ಕೇಪಿನ ಕೋವಿಯನ್ನು ಅಂಗಿಯೊಳಗಡಗಿಸಿ ಹಂಪನಕಟ್ಟೆಯಲ್ಲಿ ತಿರುಗಾಡುವುದು ಸಾಧ್ಯವಿಲ್ಲ. ಪಿಸ್ತೂಲಿನ ಗುಣವೇ ಬೇರೆ. ಅದು ಅಡಗಿಸಲೆಂದೇ ಮಾಡಿದ್ದು, ಮನುಷ್ಯನಿಗೆಂದೇ ಮಾಡಿದ್ದು. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಈ ಅಡಗಿಸಿದ ಪಿಸ್ತೂಲಿನ ಬಗೆಗೇ ಪ್ರಾಂತಗಳೊಳಗೆ ದೊಡ್ಡ ವಿವಾದವಿದೆ: ವರ್ಮಾಂಟಿನಲ್ಲಿ ಅದಕ್ಕೆ ಪರವಾನಿಗೆಯೆಂಬುದು ಬೇಕಾದುದೇ ಇಲ್ಲ, ಇಲಿನಾಯ್ ಪ್ರಾಂತವು 2013ರ ವರೆಗೆ ಕೊಡಲೇ ಇಲ್ಲ, ತಕ್ಕ ಕಾರಣವನ್ನು ತೋರಿಸಬೇಕೆಂಬ ನ್ಯೂಯಾರ್ಕಿನ ಕಟ್ಟನ್ನು 2022ರಲ್ಲಿ ಅಲ್ಲಿಯ ಪರಮೋಚ್ಚ ನ್ಯಾಯಾಲಯವು ಕಿತ್ತುಹಾಕಿತು. ಆ ದಾರಿ ಇಲ್ಲಿಗೆ ಬೇಡ. ಪಿಸ್ತೂಲನ್ನು ಕೇಳುವವನು ಕಾರಣವನ್ನು ತೋರಿಸಲಿ, ಗಟ್ಟಿಯಾದ ಕಾರಣವನ್ನೇ ತೋರಿಸಲಿ. ಅಂತಸ್ತಿನ ಗುರುತಾಗಿ ಸೊಂಟಕ್ಕೆ ಕಟ್ಟುವವರಿಗೆ ಬಾಗಿಲು ಮುಚ್ಚಿಯೇ ಇರಲಿ. ಆ ಬಿಗಿಯನ್ನು ತಂದು ಹೊಲದ ಕೋವಿಯ ಕೊರಳಿಗೆ ಬಿಗಿಯುವುದೇಕೆ?

ಕೋವಿ ಬಂದ ಮಾತ್ರಕ್ಕೆ ಕಾಡಿನ ಜೀವಗಳ ಸಂಹಾರವೆಂದೂ ಅರ್ಥವಲ್ಲ. 1972ರ ವನ್ಯಜೀವಿ ಕಾಯಿದೆಯಂತೆ ಮಂಗನನ್ನಾಗಲಿ ನವಿಲನ್ನಾಗಲಿ ಹೊಡೆಯುವಂತಿಲ್ಲ. ಹಂದಿಗೂ ಅಪ್ಪಣೆ ಬೇಕು. ಇಲ್ಲಿಯ ಎಷ್ಟೋ ಮನೆಗಳಲ್ಲಿ ಕೋವಿಯ ಕೆಲಸವೆಂದರೆ ಬರೇ ಸದ್ದು: ಒಂದು ಈಡು ಆಕಾಶಕ್ಕೆ, ಮಂಗಗಳ ಹಿಂಡು ಆಚೆಯ ಗುಡ್ಡಕ್ಕೆ. ಆ ಸದ್ದನ್ನೂ ಕಳಕೊಂಡವನು ಬೇಲಿಗೆ ಕದ್ದು ವಿದ್ಯುತ್ತನ್ನು ಹರಿಸುತ್ತಾನೆ, ಉರುಳನ್ನು ಹಾಕುತ್ತಾನೆ. ತಂತಿಯು ಹಂದಿಯನ್ನೂ ಆನೆಯನ್ನೂ ಮುಂಜಾನೆ ನೀರು ಬಿಡಲು ಹೋದ ಮನೆಯ ಮಗನನ್ನೂ ಬೇರೆ ಬೇರೆಯಾಗಿ ಎಣಿಸುವುದಿಲ್ಲ. ತಲಪಾಡಿಯ ಆಚೆಯ ಕೇರಳ ಸರಕಾರವು ಇದನ್ನರಿತೇ 2022ರ ಮೇ ತಿಂಗಳಲ್ಲಿ, ಬೆಳೆ ಹಾಳುಮಾಡುವ ಹಂದಿಯನ್ನು ಪರವಾನಿಗೆಯ ಕೋವಿಯುಳ್ಳವರಿಂದ ಹೊಡೆಸುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಿಗೇ ಒಪ್ಪಿಸಿ, ವಿಷ, ಸಿಡಿಮದ್ದು, ವಿದ್ಯುತ್ತುಗಳನ್ನು ನಿಷೇಧಿಸಿತು. ಮಂಜೇಶ್ವರದ ಕನ್ನಡಿಗ ಕೃಷಿಕನು ಪಂಚಾಯತಿನ ಬಾಗಿಲಲ್ಲಿ ಕೇಳುವ ಅಪ್ಪಣೆಗೆ ಉಳ್ಳಾಲದ ಕೃಷಿಕನು ಅರಣ್ಯ ಇಲಾಖೆಯ ದಾರಿ ಹಿಡಿಯಬೇಕು. ಹೊಡೆಯಲು ಪರವಾನಿಗೆಯುಳ್ಳವರೇ ಸಾಕಷ್ಟು ದೊರೆಯುವುದಿಲ್ಲವೆಂಬ ದೂರು ಕೇರಳದಲ್ಲಿ ಎದ್ದಿರುವುದನ್ನೂ ಹೇಳಲೇಬೇಕು. ಕೋವಿಯ ಬಾಗಿಲು ಅಲ್ಲಿಯೂ ಅಗಲವಾಗಿಲ್ಲ.

ಆಯುಧವನ್ನಿಟ್ಟುಕೊಳ್ಳುವ ಹಕ್ಕು ಪ್ರಜೆಗಿರಬೇಕೆಂದು, ನಿಯಮಗಳಿಗೊಳಪಟ್ಟು, 1931ರ ಕರಾಚಿ ಕಾಂಗ್ರೆಸ್ಸು ಸಾರಿತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಆ ಮಾತನ್ನು ನೆನಪಿಸಿ ತಿದ್ದುಪಡಿಯನ್ನು ಸೂಚಿಸಿದವರು ಮಂಗಳೂರಿನಲ್ಲೇ ಹುಟ್ಟಿದ ಹರಿವಿಷ್ಣು ಕಾಮತರು. ತಿದ್ದುಪಡಿ ಬಿದ್ದುಹೋಯಿತು, ಹಕ್ಕು ಹಕ್ಕಾಗಲಿಲ್ಲ. ಅದಕ್ಕೆ ಬದಲಾಗಿ ಬಂದದ್ದು 1959ರ ಕಾಯಿದೆಯ ‘ಕೊಡತಕ್ಕದ್ದು’ ಎಂಬ ಒಂದು ಶಬ್ದ. ಹೊಸ ಕಾನೂನನ್ನಾಗಲಿ ಹೊಸ ವಿನಾಯಿತಿಯನ್ನಾಗಲಿ ಈ ಜಿಲ್ಲೆಯವರು ಬೇಡುವ ಅಗತ್ಯವಿಲ್ಲ. ಬೆಳೆಯ ಕೋವಿಯ ಅರ್ಜಿಯನ್ನು ಯಾವ ಮೇಜು ನಿರಾಕರಿಸಿದರೂ ಕಾರಣವನ್ನು ಬರೆದುಕೊಡುವಂತೆ ಅರ್ಜಿದಾರನು ಕೇಳಲಿ. ಚುನಾವಣೆಯ ಸಮಿತಿಯು ತನ್ನ ಕೋವಿಯನ್ನು ಯಾವ ದೋಷಕ್ಕಾಗಿ ಇಡಿಸಿಕೊಂಡಿತೆಂಬುದನ್ನೂ ಕೇಳಲಿ. ಕಾಯಿದೆಯ 18ನೆಯ ಕಲಮು ಮೇಲ್ಮನವಿಗೆ ಅವಕಾಶ ಕೊಟ್ಟಿದೆ. ಕಾರಣ ಬರೆದ ಆ ಕಾಗದವು ಕೈಯಲ್ಲಿದ್ದರೆ ಒಕ್ಕಲು ಮುಂದಿನ ಮೆಟ್ಟಿಲನ್ನು ಏರಬಲ್ಲನು.