ಇಬ್ಬರಿಗೆ ಎಷ್ಟು ಮನೆ?

ಮಕ್ಕಳು ಬೆಂಗಳೂರೋ ಅಮೆರಿಕವೋ ಸೇರಿದ ಮೇಲೆ ಅರಸೀಕೆರೆ ಕಡೆಯ ತೋಟಗಳಲ್ಲಿ ದೊಡ್ಡ ಮನೆಗಳು ಏಳುತ್ತಿವೆ. ಎರಡು ಅಂತಸ್ತು, ನಾಲ್ಕು ರೂಮು. ಇರುವವರು ಅರವತ್ತು ದಾಟಿದ ಇಬ್ಬರು. ಮಹಡಿಯ ಬೀಗ ತೆಗೆಯುವುದು ಯುಗಾದಿಗೆ, ಊರಹಬ್ಬಕ್ಕೆ. ‘ಮಕ್ಕಳು ಬಂದರೆ ಎಲ್ಲಿ ಮಲಗಬೇಕು?’ ಎನ್ನುತ್ತಾರೆ. ನಾಲ್ಕು ರಾತ್ರಿಯ ನಿದ್ದೆಗಾಗಿ ವರ್ಷವಿಡೀ ಗುಡಿಸುವ ಕೆಲಸವನ್ನು ಮಂಡಿನೋವಿನ ತಾಯಿಗೆ ಹೊರಿಸುವುದು ಯಾವ ನ್ಯಾಯ?

ಇಂಥ ಮನೆಯ ತಾರಸಿಗೆ ಸೋಲಾರ್ ಕೂರಿಸಿ ಹಸಿರು ಮನೆ ಎನ್ನುವುದು ಇನ್ನೊಂದು ಭ್ರಮೆ. ಸಿಮೆಂಟಿಗಾಗಿ ಸುಣ್ಣದಕಲ್ಲು ಸುಡುವಾಗ ಇಂಧನದ ಹೊಗೆಯ ಜೊತೆಗೆ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡೂ ಹೊರಬೀಳುತ್ತದೆ. ಆದ್ದರಿಂದ ಬೇಡದ ರೂಮು ಕಟ್ಟದಿರುವುದೇ ಮೊದಲ ಕೆಲಸ. ಬೇಕಾದ ಎರಡು ರೂಮಿಗೆ ಸುಡದ ಮಣ್ಣಿನ ಇಟ್ಟಿಗೆ ಸಾಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ, ಮಣ್ಣಿಗೆ ತುಸು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತುವ ಈ ಇಟ್ಟಿಗೆಯ ಮೇಲೆ ದಶಕಗಳಿಂದ ಕೆಲಸ ಮಾಡಿದೆ.

ಹಾಗೆಂದು ಎಲ್ಲವನ್ನೂ ಕತ್ತರಿಸಬಾರದು. ಈ ಸೀಮೆಯಲ್ಲಿ ಮನೆಯೊಳಗೆ ಜಾಗ ಬೇಡುವುದು ತೆಂಗಿನಕಾಯಿ. ಉಂಡೆ ಕೊಬ್ಬರಿಯಾಗಲು ಬಲಿತ ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಇರಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಅಟ್ಟವಿಲ್ಲದವರು ಬಂದ ಬೆಲೆಗೆ ಹಸಿಕಾಯಿ ಮಾರಬೇಕಾಗುತ್ತದೆ. ರೂಮು ಕಡಿಮೆಯಾಗಲಿ, ಅಟ್ಟ ಮತ್ತು ಜಗಲಿ ಧಾರಾಳವಾಗಿರಲಿ. ಮೊಮ್ಮಕ್ಕಳಿಗೆ ಜಗಲಿಯಲ್ಲಿ ಚಾಪೆ, ಸೊಳ್ಳೆಪರದೆ ಸಾಕು. (ಸೊಸೆಯಂದಿರು ಒಪ್ಪುತ್ತಾರೋ ಇಲ್ಲವೋ, ಅದು ಬೇರೆ ಮಾತು.)

ಸೂರು ಚಿಕ್ಕದಾದರೆ ಮಳೆನೀರು ಸಾಲದು ಎಂಬ ಅಂಜಿಕೆಯೂ ಬೇಡ. ಒಂದು ಚದರ ಮೀಟರಿಗೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರು. 80 ಚದರ ಮೀಟರಿನ ಸೂರಿಗೆ ವರ್ಷದಲ್ಲಿ 600 ಮಿ.ಮೀ. ಬಿದ್ದರೆ 48,000 ಲೀಟರು. ಐದರಲ್ಲೊಂದು ಪಾಲು ಸೋರಿಹೋದರೂ 38,000ಕ್ಕೆ ಮೋಸವಿಲ್ಲ. ಇಬ್ಬರಿಗೆ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರಿನಂತೆ ಬೇಕಾದದ್ದು 7,300. ಕೊರತೆಯಿರುವುದು ತೊಟ್ಟಿಯದು, ದುಡ್ಡು ಅದಕ್ಕೆ ಹಾಕಬೇಕು. ಇದು ಅರಸೀಕೆರೆಯ ಒಣ ಸೀಮೆಯ ಲೆಕ್ಕ. ಹಳೇಬೀಡು ದಾಟಿ ಬೇಲೂರಿನತ್ತ ಹೋದಂತೆ ಮಳೆ ಹೆಚ್ಚುತ್ತದೆ. ಅಲ್ಲಿ ಮಣ್ಣಿನ ಗೋಡೆಗೆ ಕಲ್ಲಿನ ತಳಪಾಯ, ಇಳಿಜಾರು ಹೆಂಚು, ಅಗಲವಾದ ಸೂರಂಚು ಇಲ್ಲದಿದ್ದರೆ ಗೋಡೆ ನೆನೆಯುತ್ತದೆ. ಒಂದೇ ನಕ್ಷೆ ಎರಡೂ ಕಡೆ ನಡೆಯದು.

ಚಿಕ್ಕ ಮನೆಗೆ ಇರುವ ನಿಜವಾದ ಆಕ್ಷೇಪ ಬೇರೆ. ಇಬ್ಬರಲ್ಲಿ ಒಬ್ಬರು ಹೋದ ಮೇಲೆ ತೋಟದ ನಡುವಿನ ಒಂಟಿಮನೆಯಲ್ಲಿ ಉಳಿದವರ ಗತಿಯೇನು? ಇದಕ್ಕೆ ಮಣ್ಣಿನ ಇಟ್ಟಿಗೆಯಲ್ಲಿ ಉತ್ತರವಿಲ್ಲ. ದೊಡ್ಡ ಮನೆಯಲ್ಲೂ ಇಲ್ಲ, ಅಲ್ಲಿ ಒಂಟಿತನ ಇನ್ನಷ್ಟು ಜಾಸ್ತಿ. ನನ್ನ ಮಟ್ಟಿಗೆ, ಮನೆ ಊರಂಚಿನಲ್ಲಿರಬೇಕು: ಕೂಗಿದರೆ ನೆರೆಯವರು ಬರುವಷ್ಟು ಹತ್ತಿರ, ತೋಟಕ್ಕೆ ನಡೆದು ಹೋಗುವಷ್ಟು ದೂರ. ನಕ್ಷೆ ಬರೆಸುವ ಮುಂಚೆ ಗಂಡಹೆಂಡಿರು ಕೂತು ಈ ಮಾತು ಆಡಿಕೊಳ್ಳಿ. ಮಕ್ಕಳನ್ನು ಆಮೇಲೆ ಕೇಳಿದರಾಯಿತು.